ಸೆರಗಿನ ಗಂಟಿನ ರೊಟ್ಟಿ

ಪ್ರಭುವಿನ ಭೋಜನಕ್ಕೆ ರೊಟ್ಟಿ ಬೇಯಿಸುವ ಕೆಲಸ ನನ್ನದಾಗಿತ್ತು. ತಿಂಗಳ ಮೊದಲ ಭಾನುವಾರ ಬೀದರಿನ ನಮ್ಮ ಚರ್ಚಿನಲ್ಲಿ ಪಾದ್ರಿ ಸಾಹೇಬರು ಒಬ್ಬೊಬ್ಬರ ಅಂಗೈಗೆ ಒಂದೊಂದು ಚೂರು ಇಡುತ್ತಿದ್ದ ಆ ರೊಟ್ಟಿಯನ್ನು ನಾನು ಇನ್ನೊಬ್ಬರಿಗೆ ಮುಟ್ಟಗೊಡುತ್ತಿರಲಿಲ್ಲ. ಶನಿವಾರ ಗೋಧಿಯನ್ನು ಕಾಳು ಕಾಳಾಗಿ ಆರಿಸಿ ನಾನೇ ಬೀಸುತ್ತಿದ್ದೆ. ಭಾನುವಾರ ಬೆಳಗ್ಗೆ ಸ್ನಾನ ಮಾಡಿ, ಉಪ್ಪು ಹಾಕದೆ ನಾದಿ, ಅದಕ್ಕೆಂದೇ ಎತ್ತಿಟ್ಟ ಹಂಚಿನ ಮೇಲೆ ಬೇಯಿಸುತ್ತಿದ್ದೆ. ಕತ್ತರಿಸಲು ಬೇರೆ ಚೂರಿ. ಆ ಚೂರಿಯಿಂದ ಒಮ್ಮೆ ನನ್ನ ಗಂಡ ಉಳ್ಳಾಗಡ್ಡಿ ಹೆಚ್ಚಿದ್ದಕ್ಕೆ ಮೂರು ದಿನ ಅವನ ಜೊತೆ ಮಾತು ಬಿಟ್ಟಿದ್ದೆ. ದ್ರಾಕ್ಷಾರಸ ನಮ್ಮ ಕಡೆ ಎಲ್ಲಿಂದ ಬರಬೇಕು? ಒಣದ್ರಾಕ್ಷಿ ನೆನೆಹಾಕಿ, ಕುದಿಸಿ, ಹಿಂಡಿ, ಸೋಸುತ್ತಿದ್ದೆ. ಅದನ್ನೂ ನಾನೇ.

ನಾನು ಆಗ ಚರ್ಚಿನ ವೇದದ ಬಾಯಿ. ಎಂದರೆ ಮನೆಮನೆಗೆ ಹೋಗಿ ಹೆಂಗಸರಿಗೆ ಪ್ರಾರ್ಥನೆ, ಹಾಡು ಕಲಿಸುವವಳು. ಹಾಸಿಗೆ ಹಿಡಿದವರ ಪಕ್ಕ ಕೂತು ಪವಿತ್ರ ಪುಸ್ತಕ ಓದುವವಳು. ಇಪ್ಪತ್ತಾರರ ವಯಸ್ಸು, ಕಾಲಲ್ಲಿ ಕಸುವು, ಬಾಯಲ್ಲಿ ಖಾರ. ಪ್ರಾರ್ಥನೆ ಆಗದೆ ಒಲೆ ಹೊತ್ತಿಸುತ್ತಿರಲಿಲ್ಲ. ಬೀಸುವಾಗ ಹಾಡು, ಶುಕ್ರವಾರ ಚಹಾ ಕೂಡ ಇಲ್ಲದ ಉಪವಾಸ, ಪ್ರತಿ ಅಡುಗೆಗೆ ಮುಂಚೆ ಒಂದು ಹಿಡಿ ಜೋಳ ದೇವರ ಮಡಕೆಗೆ. ಪ್ರಭುವನ್ನು ನಾನು ಮನಸ್ಸು ತುಂಬಿ ಪ್ರೀತಿಸುತ್ತಿದ್ದೆ. ಇದನ್ನು ಈಗಲೂ ಯಾರ ಮುಂದೆ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ. ಜನರನ್ನು ಪ್ರೀತಿಸುವುದೇ ಸ್ವಲ್ಪ ಕಷ್ಟವಾಗುತ್ತಿತ್ತು. ಯಾರ ಕೊರಳಲ್ಲಿ ಕರಿದಾರ ಉಳಿದಿದೆ, ಯಾರ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದೆ, ಪ್ರಾರ್ಥನೆ ನಡೆದಾಗ ಯಾರು ಕಣ್ಣು ತೆರೆದುಕೊಂಡು ಕೂತಿದ್ದರು, ಎಲ್ಲವೂ ನನಗೆ ಗೊತ್ತಿರುತ್ತಿತ್ತು.

"ಎಲ್ಲಾರೂ ಕಣ್ಣು ಮುಚ್ಚಿದಾಗ ನಿನಗ ಹ್ಯಾಂಗ ಕಂಡಿತವ್ವಾ?" ಎಂದು ನನ್ನ ತಾಯಿ ಕೇಳುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು.

ಕಾಲವೂ ಸಂಶಯದ್ದೇ. ನಾವು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅದು. ನಿಜಾಮನ ಕಾಲ ಮುಗಿದು ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ಅದು ಮುಗಿಯುವಾಗಿನ ಗದ್ದಲದಲ್ಲಿ ದಾಳಿ ಮಾಡುವವರಿಗೆ ಯಾರು ಯಾರ ಮನೆ ತೋರಿಸಿಕೊಟ್ಟರು ಎಂಬುದನ್ನು ಯಾರೂ ಮರೆತಿರಲಿಲ್ಲ. ಅದರ ಮೇಲೆ ಈಗ ಜಿಲ್ಲೆಯನ್ನೇ ಮೂರು ತುಂಡು ಮಾಡಿದ್ದರು. ಉದಗೀರ ಮುಂಬಯಿ ಕಡೆ, ಜಹೀರಾಬಾದ ಆಂಧ್ರದ ಕಡೆ, ನಾವು ಮೈಸೂರಿನ ಕಡೆ. ಬಸ್ಸುಗಳ ಹಲಗೆ ಮೇಲೆ ಉರ್ದು ಅಕ್ಷರ ಅಳಿಸಿ ಕನ್ನಡ ಬರೆದಿದ್ದರು. ಬಿಸಿಲು ಬಿದ್ದರೆ ಕೆಳಗಿನ ಉರ್ದು ಮತ್ತೆ ಕಾಣುತ್ತಿತ್ತು. ಭಾಲ್ಕಿಯ ಚಹಾದಂಗಡಿಯಲ್ಲಿ, ಔರಾದಿನ ಸಂತೆಯಲ್ಲಿ, ಹೊಸಬ ಬಂದು ಕೂತರೆ ಎಲ್ಲರೂ ಮಾತು ನಿಲ್ಲಿಸಿ ಅವನ ಬಾಯಿ ನೋಡುತ್ತಿದ್ದರು: ಕನ್ನಡ ಬರುತ್ತದೋ ಮರಾಠಿ ಬರುತ್ತದೋ ಉರ್ದುವೋ? ಕ್ರೈಸ್ತರನ್ನಂತೂ ಮೂರೂ ಕಡೆಯವರು ವಾರೆಗಣ್ಣಿನಿಂದ ನೋಡುತ್ತಿದ್ದರು. "ನಿಮ್ಮ ದೊರೆಗಳು ಹೋದ್ರು, ಈಗ ನೀವು ಯಾರ ಕಡಿ?" ಎಂದು ಒಬ್ಬ ಕಂಡಕ್ಟರ್ ನನ್ನನ್ನೇ ಕೇಳಿದ್ದ. "ನಾ ಜನವಾಡದ ಕಡಿ. ಟಿಕೀಟ್ ಕೊಡ್ರಿ," ಎಂದಿದ್ದೆ.

ಆ ವರ್ಷ ನಮ್ಮ ಚರ್ಚಿಗೆ ಬರುತ್ತಿದ್ದ ಒಬ್ಬ ಹೆಂಗಸನ್ನು ಎಲ್ಲರೂ ಕುರಿಬಾಯಿ ಎನ್ನುತ್ತಿದ್ದರು. ಸಂತಪುರದಿಂದ ಒಂದು ಹರಿದಾರಿ ಒಳಗಿನ ಹಳ್ಳಿಯ ಕುರಿ ಸಾಕುವ ಮನೆತನದವಳು. ಹಿಂದಿನ ವರ್ಷ ಅವಳಿಗೂ ಅವಳ ಅತ್ತೆಗೂ ಒಟ್ಟಿಗೆ ಜ್ವರ ಬಂದು, ಬೀದರಿನ ಮಿಶನ್ ದವಾಖಾನೆಯಲ್ಲಿ ತಿಂಗಳೊಪ್ಪತ್ತು ಮಲಗಿದ್ದರು. ನಾನೇ ಅವರಿಗೆ ಹಾಡು ಕಲಿಸಿದ್ದು. ಇಬ್ಬರೂ ಎದ್ದು, ಗಂಡಸರ ಒಪ್ಪಿಗೆ ಪಡೆದು ಬಂದು, ಒಂದೇ ದಿನ ದೀಕ್ಷಾಸ್ನಾನ ತೆಗೆದುಕೊಂಡರು. ಕುರಿಬಾಯಿಗೆ ಮೂವತ್ತಿರಬಹುದು. ಎತ್ತರದ ಆಳು, ಗಂಡಸಿನಂಥ ದನಿ. ಹಾಡುವಾಗ ರಾಗ ಒಂದು ದಾರಿ, ಅವಳೊಂದು ದಾರಿ. ಆದರೆ ಹುರುಪು? ಅಬ್ಬಾ! ಆರಾಧನೆಗೆ ಮುಂಚೆಯೇ ಬಂದು ಯಾರೂ ಹೇಳದೆ ಕಸ ಗುಡಿಸುತ್ತಿದ್ದಳು. ಪ್ರಾರ್ಥನೆಗೆ ಮೊಣಕಾಲೂರಿದರೆ ಪಕ್ಕದವರಿಗೆ ಜಾಗವೇ ಉಳಿಯುತ್ತಿರಲಿಲ್ಲ.

ನನಗೆ ಅದು ಹಿಡಿಸಲಿಲ್ಲ. ಯಾಕೆ ಎಂದು ಮುಚ್ಚಿಡದೆ ಹೇಳುತ್ತೇನೆ. ನಾವು, ಚರ್ಚಿನ ಹೆಚ್ಚಿನ ಮಂದಿ, ಊರ ಹೊರಗಿನ ಕೇರಿಯವರು. ಪ್ರಭು ನಮ್ಮನ್ನು ಎತ್ತಿ ಕೂರಿಸಿದ್ದ, ಅಕ್ಷರ ಕೊಟ್ಟಿದ್ದ, ಆದರೆ ಹಳ್ಳಿಗೆ ಹೋದರೆ ಹಳ್ಳಿ ಹಳ್ಳಿಯೇ. ಕುರಿಬಾಯಿಯ ಊರಿಗೆ ನಾನು ಮೊದಲ ಸಲ ಹೋದಾಗ, ಅವರ ಮನೆ ಹುಡುಕುತ್ತ ನಡುಬೀದಿಯ ಬೇರೊಂದು ಮನೆಯ ಮುಂದೆ ನಿಂತು ನೀರು ಕೇಳಿದ್ದೆ. ಆ ಮನೆಯವಳು ನನ್ನ ಕೈಚೀಲ, ಪುಸ್ತಕ, ಇಸ್ತ್ರಿ ಮಾಡಿದ ಸೀರೆ ಎಲ್ಲ ನೋಡಿ, ಯಾರ ಪೈಕಿ ಎಂದು ಕೇಳಿ, ಆಮೇಲೆ ಮೇಲಿನಿಂದ ನನ್ನ ಬೊಗಸೆಗೆ ನೀರು ಹೊಯ್ದಿದ್ದಳು. ಬಾಯಾರಿಕೆ ಇತ್ತು, ಕುಡಿದೆ. ಕುಡಿದದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಕುರಿಬಾಯಿಯ ಮನೆಗೆ ಹೋಗದೆ ಅಲ್ಲಿಂದಲೇ ತಿರುಗಿದೆ. ಅವತ್ತಿನಿಂದ ಆ ಊರಿಗೆ ಹೋಗಲಿಲ್ಲ. ಪಾದ್ರಿ ಸಾಹೇಬರು ಕೇಳಿದಾಗಲೆಲ್ಲ "ಎರಿ ಮಣ್ಣಿನ ದಾರಿರಿ, ಮೊಣಕಾಲ್ ತನ ಹುದಲು," ಎನ್ನುತ್ತಿದ್ದೆ. ಮಳೆ ನಿಂತು ಕೆಸರು ಒಣಗಿ ಮಣ್ಣು ಬಿರಿದ ಮೇಲೂ ಅದನ್ನೇ ಹೇಳಿದೆ.

ಅಂಥ ಊರಿನವಳು ಬಂದು ನಮ್ಮ ನಡುವೆ ಕೂತರೆ, ನಮ್ಮ ಕಸ ಗುಡಿಸಿದರೆ, ನಂಬಬೇಕೇನು? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡೆ. ಅತ್ತೆ ಸೊಸೆ ಇಬ್ಬರೂ ಬರುತ್ತಿದ್ದವರು, ದಸರೆಯ ಹೊತ್ತಿನಿಂದ ಅತ್ತೆ ಬರುವುದನ್ನು ಬಿಟ್ಟಳು. ಮುದುಕಿಗೆ ಮೈಯಾಗ ಆರಾಮಿಲ್ಲ ಎಂದು ಯಾರೋ ಅಂದರು. ಹಳೆಯ ದೇವರ ಕಡೆ ತಿರುಗಿರಬೇಕು ಎಂದು ನಾನು ಅಂದೆ. ಹೀಗೆ ಅಂದದ್ದು ನಾನೇ, ಬೇರೆ ಯಾರೂ ಅಲ್ಲ.

ಮೈಸೂರಿಗೆ ಸೇರಿದ ಮೇಲೆ ಬಂದ ಮೊದಲ ಭಾನುವಾರ ನಾನು ಒಂದು ಸಂಗತಿ ಕಣ್ಣಾರೆ ಕಂಡೆ. ಪಾದ್ರಿ ಸಾಹೇಬರು ಹೊಸ ರಾಜ್ಯಕ್ಕಾಗಿ, ಹೊಸ ಮಂತ್ರಿಗಳಿಗಾಗಿ ಉದ್ದನೆಯ ಪ್ರಾರ್ಥನೆ ಮಾಡಿ, ಭೋಜನದ ಮೇಜಿನ ಹತ್ತಿರ ಬಂದರು. ನಮ್ಮಲ್ಲಿ ಜನ ಸಾಲಾಗಿ ಮುಂದೆ ಬಂದು ಕಟಕಟೆಯ ಬಳಿ ಮೊಣಕಾಲೂರಿ ಎರಡೂ ಕೈ ಚಾಚುತ್ತಾರೆ. ಪಾದ್ರಿಗಳು ಚೂರು ಇಟ್ಟರೆ ಅಲ್ಲೇ ತಿನ್ನಬೇಕು, ಸಣ್ಣ ಬಟ್ಟಲಿನ ರಸ ಕುಡಿಯಬೇಕು, ಏಳಬೇಕು. ನಾನು ಬಟ್ಟಲುಗಳ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದೆ. ಅಲ್ಲಿಂದ ಎಲ್ಲರ ಕೈಗಳೂ ಕಾಣುತ್ತವೆ. ಕುರಿಬಾಯಿ ಚೂರು ತೆಗೆದುಕೊಂಡಳು. ತಲೆ ಬಗ್ಗಿಸಿದಳು. ಕೈ ಬಾಯಿಗೆ ಹೋಗಲಿಲ್ಲ. ಸೆರಗಿನ ತುದಿಗೆ ಹೋಯಿತು. ಎರಡು ಸುತ್ತು ಸುತ್ತಿ ಗಂಟು ಹಾಕಿ, ಸೊಂಟಕ್ಕೆ ಸಿಕ್ಕಿಸಿಕೊಂಡು, ರಸವನ್ನು ಮಾತ್ರ ಗಟಕ್ಕನೆ ಕುಡಿದು ಎದ್ದು ಹೋದಳು.

ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿದೆ. ಎಲ್ಲರೂ ಕಣ್ಣು ಮುಚ್ಚಿದ್ದರು.

ಮನೆಗೆ ಬಂದು ತಾಯಿಗೆ ಹೇಳಿದೆ. ಅವಳು ಬೇಳೆ ಕೇರುತ್ತಿದ್ದವಳು ಮೊರ ನಿಲ್ಲಿಸಲಿಲ್ಲ. "ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತಾರವ್ವಾ. ಆಕಿನ್ನ ಕೇಳಿದಿ ಏನು?"

"ಕಳ್ಳಿನ್ನ ಕೇಳಿದ್ರ ಕಳವು ಮಾಡೀನಿ ಅಂತಾಳೇನು?"

"ರೊಟ್ಟಿ ಚೂರು ಕದ್ದು ಏನ್ ಮಾಡ್ತಾಳ ಬಿಡು."

ಏನು ಮಾಡುತ್ತಾಳೆ? ಅದೇ ನನ್ನನ್ನು ತಿನ್ನತೊಡಗಿತು. ಚರ್ಚಿನ ಒಬ್ಬಿಬ್ಬರು ಹೆಂಗಸರ ಕಿವಿಯಲ್ಲಿ ಹಾಕಿದೆ. ಅವರು ಕೂಡಲೇ ಮಾಟ ಎಂದರು. ಕುರಿಗೆ ರೋಗ ಬಾರದಂತೆ ದೊಡ್ಡಿಯಲ್ಲಿ ಹೂಳುತ್ತಾಳೆ ಎಂದರು. ನಾನು ಹೂಂಗುಟ್ಟಿದೆ. ಆದರೆ ಒಳಗೆ ನನಗೆ ಬೇರೆಯೇ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ. ಅವಳು ನನ್ನ ಕೈಯ ರೊಟ್ಟಿ ತಿನ್ನುವುದಿಲ್ಲ, ಅಷ್ಟೇ. ಹಾಡುತ್ತಾಳೆ, ಅಳುತ್ತಾಳೆ, ಕಸ ಗುಡಿಸುತ್ತಾಳೆ. ನಮ್ಮ ಕೇರಿಯವಳು ನಾದಿದ ಹಿಟ್ಟು ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ. ದಾರಿಯಲ್ಲಿ ನಾಯಿಗೆ ಹಾಕುತ್ತಿರಬೇಕು. ಈ ಯೋಚನೆ ಬಂದಾಗ ನನ್ನ ಬೊಗಸೆಯಲ್ಲಿ ಆ ನೀರು ಮತ್ತೆ ತಣ್ಣಗೆ ಬಿದ್ದ ಹಾಗೆ ಆಗುತ್ತಿತ್ತು. ಪ್ರಭುವಿಗೆ ಅವಮಾನವಾಯಿತು ಎಂದು ನಾನು ಹೊರಗೆ ಹೇಳುತ್ತಿದ್ದೆ. ಆಗಿದ್ದು ನನಗೆ.

ಅದೇ ತಿಂಗಳ ಮೂರನೆಯ ಭಾನುವಾರ ಪಾದ್ರಿ ಸಾಹೇಬರ ಜೊತೆ ರೈಲಿನಲ್ಲಿ ಭಾಲ್ಕಿಗೆ ಹೋದೆ. ಅಲ್ಲಿನ ಸಣ್ಣ ಸಭೆಗೆ ಭೋಜನ ಕೊಡುವ ದಿನ ಅದು; ಭಾತಂಬ್ರಾದ ಕಡೆಯಿಂದ ನಾಲ್ಕಾರು ಮನೆಯವರು ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಹಾಡು ಶುರುವಾಗಿತ್ತು. ಹಿಂದಿನಿಂದ ರಾಗ ತಪ್ಪಿದ ದಪ್ಪ ದನಿ ಕೇಳಿ ತಿರುಗಿ ನೋಡಿದೆ. ಕುರಿಬಾಯಿ! ಕಾಲೆಲ್ಲ ಧೂಳು, ಕೆನ್ನೆ ಬಿಸಿಲಿಗೆ ಕಪ್ಪಾಗಿತ್ತು. ಸಂತಪುರ ಎಲ್ಲಿ, ಭಾಲ್ಕಿ ಎಲ್ಲಿ! ಅಲ್ಲಿಯೂ ಕೈ ಚಾಚಿದಳು, ಅಲ್ಲಿಯೂ ಚೂರು ಸೆರಗಿನ ಗಂಟಿಗೆ ಹೋಯಿತು. ತಿಂಗಳಿಗೆ ಎರಡು ಸಲ! ತಿನ್ನದವಳಿಗೆ ಎರಡೆರಡು ಕಡೆ ಯಾಕೆ ಬೇಕು? ನನ್ನ ಲೆಕ್ಕ ಹೊಂದಲಿಲ್ಲ. ಆದರೆ ಸಂಶಯಕ್ಕೆ ಲೆಕ್ಕ ಹೊಂದಲೇಬೇಕು ಎಂದೇನಿಲ್ಲ, ಅದು ಇನ್ನೂ ದಪ್ಪವಾಯಿತು.

ಡಿಸೆಂಬರಿನ ಮೊದಲ ಭಾನುವಾರ ಮತ್ತೆ ಅದೇ. ಅವತ್ತು ನಾನು ಬಿಡಲಿಲ್ಲ. ಆರಾಧನೆ ಮುಗಿದ ಕೂಡಲೇ ಔರಾದಿನ ಬಸ್ಸಿಗೆ ಅವಳ ಹಿಂದೆಯೇ ಹತ್ತಿದೆ. ಜನವಾಡದಲ್ಲಿ ನನಗೆ ಕೆಲಸವಿದೆ ಎಂದು ನನಗೇ ಸುಳ್ಳು ಹೇಳಿಕೊಂಡೆ. ಬಸ್ಸಿನಲ್ಲಿ ಅರ್ಧಕ್ಕರ್ಧ ಜಾಗ ಖಾಲಿ. ಅವಳು ಕೂಡಲಿಲ್ಲ. ಒಂದು ಕೈಯಲ್ಲಿ ಸರಳು ಹಿಡಿದು, ಇನ್ನೊಂದು ಕೈ ಸೊಂಟದ ಗಂಟಿನ ಮೇಲಿಟ್ಟು ನಿಂತೇ ಇದ್ದಳು.

"ಏನವ್ವಾ, ಆರಾಮ ಇದ್ದಿ?" ಎಂದೆ.

ತಲೆ ಆಡಿಸಿದಳು. ಮಾತಿಲ್ಲ.

"ನಿಮ್ಮ ಅತ್ತಿ ಯಾಕ ಬರವಲ್ಲಳು?"

ನನ್ನ ಮುಖವನ್ನೇ ನೋಡಿದಳು. ತುಟಿ ಬಿಗಿಹಿಡಿದು ತಲೆ ಅಲ್ಲಾಡಿಸಿದಳು. ಹೊಲದಲ್ಲಿ ಗಂಡಸರನ್ನು ಕೂಗಿ ಕರೆಯುವಂಥ ದನಿಯವಳು, ಒಂದು ಅಕ್ಷರ ಹೊರಡಿಸಲಿಲ್ಲ. ಕಂಡಕ್ಟರ್ "ಕೂಡವಾ, ಜಾಗ ಅದ," ಎಂದ. ಅವನಿಗೂ ಉತ್ತರ ಇಲ್ಲ. ಹೂಂ, ಅಪರಾಧಿಯ ಬಾಯಿ ಹೀಗೆಯೇ ಕಟ್ಟುತ್ತದೆ ಎಂದುಕೊಂಡೆ. ಜನವಾಡದಲ್ಲಿ ಇಳಿದು, ಸಿಟ್ಟಿನಲ್ಲಿ ಬಿರಬಿರನೆ ನಡೆದು, ಬೀದರಿಗೆ ಮರಳುವ ಬಸ್ಸು ಹಿಡಿದು ಸೀದಾ ಪಾದ್ರಿ ಸಾಹೇಬರ ಮನೆಗೆ ಹೋದೆ.

ಪಾದ್ರಿ ಸಾಹೇಬರು ವಯಸ್ಸಾದವರು, ನಿಧಾನದ ಮನುಷ್ಯ. ನಾನು ಹೇಳಿದ್ದನ್ನೆಲ್ಲ ಕೊನೆಯತನಕ ಕೇಳಿದರು. ಪವಿತ್ರ ರೊಟ್ಟಿಯನ್ನು ಹೊರಗೆ ಒಯ್ದು ಕೆಡಿಸಿದವರಿಗೆ ಭೋಜನದ ಮೇಜಿನಲ್ಲಿ ಜಾಗವಿಲ್ಲ. ಮಾತು ನಿಜವಾದರೆ ಸಭೆಯ ಪಟ್ಟಿಯಿಂದಲೇ ಹೆಸರು ಹೊಡೆಯಬೇಕಾಗುತ್ತದೆ. ಅದು ಅವರಿಗೂ ಗೊತ್ತು, ನನಗೂ ಗೊತ್ತು.

"ನೀ ಕಣ್ಣಾರೆ ಕಂಡೀಯಾ?"

"ಮೂರು ಸಲ ಕಂಡೀನ್ರಿ."

"ದೇವರ ಸಾಕ್ಷಿ?"

"ದೇವರ ಸಾಕ್ಷಿರಿ."

ನನ್ನ ಮಾತಿನ ಮೇಲೆ ಅವರಿಗೆ ಅಷ್ಟು ನಂಬಿಕೆ. ಚರ್ಚಿನಲ್ಲಿ ನನ್ನಷ್ಟು ಭಕ್ತಿ ಯಾರಿಗಿತ್ತು?

ಹೊಸ ವರ್ಷದ ಆರಾಧನೆಯ ಬೆಳಗು. ಚಳಿ ಇತ್ತು; ಕುರಿಬಾಯಿ ಕರಿ ಕಂಬಳಿ ಹೊದ್ದು ಬಂದು, ಅದನ್ನು ಬಾಗಿಲಲ್ಲೇ ಮಡಿಸಿಟ್ಟು, ಎಲ್ಲರ ಜೊತೆ ಕಟಕಟೆಗೆ ಬಂದು ಮೊಣಕಾಲೂರಿದಳು. ಕೈ ಚಾಚಿದಳು. ಪಾದ್ರಿ ಸಾಹೇಬರು ಅವಳ ಎಡಕ್ಕಿದ್ದವಳಿಗೆ ಕೊಟ್ಟರು, ಬಲಕ್ಕಿದ್ದವಳಿಗೆ ಕೊಟ್ಟರು. ನಡುವಿನ ಎರಡು ಅಂಗೈ ಹಾಗೆಯೇ ಉಳಿದವು. ಮರೆತರೇನೋ ಎಂದು ಅವಳು ಕೈಯನ್ನು ಇನ್ನೂ ಸ್ವಲ್ಪ ಮುಂದೆ ಮಾಡಿದಳು. ನಾನೂ ರಸದ ತಟ್ಟೆಯನ್ನು ಅವಳ ಮುಂದಿನಿಂದ ಸರಿಸಿಕೊಂಡು ಹೋದೆ. ಸಾಲು ಎದ್ದಿತು, ಮುಂದಿನ ಸಾಲು ಬಂತು, ಅವಳು ಅಲ್ಲೇ ಕೂತಿದ್ದಳು. ಆಮೇಲೆ ಯಾರೋ ಹೆಗಲು ಮುಟ್ಟಿದಾಗ ಎದ್ದು, ಕಂಬಳಿ ತೆಗೆದುಕೊಂಡು ಹೋದಳು. ಜಗಳ ಮಾಡಲಿಲ್ಲ. ಮಾಡಿದ್ದರೆ ನನಗೆ ಎಷ್ಟು ಹಗುರಾಗುತ್ತಿತ್ತು!

"ಪಟ್ಟಿಯಿಂದ ಹೆಸರು ತೆಗೆಯೂ ಮೊದಲ ಒಮ್ಮಿ ಆಕಿ ಮನಿಗಿ ಹೋಗಿ ಬಾ," ಎಂದರು ಪಾದ್ರಿ ಸಾಹೇಬರು ಅವತ್ತು ಸಂಜೆ. "ರೊಟ್ಟಿ ಏನ್ ಮಾಡ್ತಾಳ ಅಂತ ಖುದ್ದ ನೋಡಿ ಬಂದು ಹೇಳು. ಈಗ ಹುದಲು ಇರೂದಿಲ್ಲ." ಕೊನೆಯ ಮಾತನ್ನು ಅವರು ಯಾವ ಅರ್ಥದಲ್ಲಿ ಹೇಳಿದರೋ, ನಾನು ತಲೆ ತಗ್ಗಿಸಿದೆ.

ಎರಡು ದಿನ ಬಿಟ್ಟು ಹೋದೆ. ಸಂತಪುರದಲ್ಲಿ ಇಳಿದು, ಕುಸುಬೆ ಹೊಲಗಳ ನಡುವಿನ ದಾರಿಯಲ್ಲಿ ನಡೆದೆ. ಮಣ್ಣು ಗಟ್ಟಿಯಾಗಿ ಬಿರಿದಿತ್ತು. ಕುರುಡರೂ ನಡೆಯಬಹುದಾದ ದಾರಿ. ಕೈಚೀಲದಲ್ಲಿ ಪುಸ್ತಕ ಇತ್ತು, ನೀರಿನ ಬಾಟಲಿ ಇತ್ತು. ಯಾರ ಹತ್ತಿರವೂ ನೀರು ಕೇಳಬಾರದೆಂದು ಮನೆಯಿಂದಲೇ ತುಂಬಿಕೊಂಡು ಬಂದಿದ್ದೆ. ದಾರಿಯುದ್ದಕ್ಕೂ ಪಾಟೀ ಸವಾಲು ಜೋಡಿಸಿಕೊಂಡೆ: ಹೀಗೆ ಕೇಳಿದರೆ ಅವಳು ಹೀಗೆ ಅನ್ನುತ್ತಾಳೆ, ಆಗ ನಾನು ಹೀಗೆ ಹಿಡಿಯುತ್ತೇನೆ.

ಅವರ ಮನೆ ಊರ ಅಂಚಿನಲ್ಲಿ, ಕುರಿದೊಡ್ಡಿಯ ಪಕ್ಕ. ಕುರಿಗಳು ಮೇಯಲು ಹೋಗಿದ್ದವು. ಕುರಿಬಾಯಿ ಅಂಗಳದಲ್ಲಿ ತೊಗರಿ ಬಡಿಯುತ್ತಿದ್ದಳು. ನನ್ನನ್ನು ಕಂಡು ಕೋಲು ಕೆಳಗೆ ಹಾಕಿದಳು. ಬೈಯುತ್ತಾಳೆ ಎಂದು ನಾನು ಸೆರಗು ಬಿಗಿದು ನಿಂತೆ.

"ಅಯ್ಯ! ಬಾಯಿ, ಬರ್ರಿ ಬರ್ರಿ! ಅತ್ತಿ, ವೇದದ ಬಾಯಿ ಬಂದಾರ ನೋಡು!"

ಒಳಗಿನಿಂದ ಗೊಗ್ಗರು ದನಿ ಬಂತು, ಅರ್ಧ ಬಾಯಿಯಿಂದ ಆಡಿದ ಮಾತು. "ಖರೇನ? ಬಂದ್ಳಾ? ನಾ ಹೇಳಿದ್ನಲ್ಲ, ಬಂದೇ ಬರ್ತಾಳಂತ."

ಹೊರಸಿನ ಮೇಲೆ ಮುದುಕಿ ಮಲಗಿದ್ದಳು. ಬಲಗೈ, ಬಲಗಾಲು ಕಟ್ಟಿಗೆಯಂತೆ ಬಿದ್ದಿದ್ದವು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ದಸರೆಗೆ ಮುಂಚೆ ಲಕ್ವಾ ಹೊಡೆದಿತ್ತಂತೆ. ಎಡಗೈಯಿಂದ ನನ್ನ ಕೈ ಹಿಡಿದುಕೊಂಡಳು, ಬಿಡಲಿಲ್ಲ.

"ದಿನಾ ದಾರಿ ನೋಡ್ತಿದ್ದೆ ಬಾಯಿ. ದವಾಖಾನ್ಯಾಗ ನೀವು ಓದ್ತಿದ್ರಲ್ಲ, ಅದು ಕಿವ್ಯಾಗ ಅದ. ಇನ್ನೊಮ್ಮಿ ಕೇಳಿ ಸಾಯಬೇಕಂತ." ಆಮೇಲೆ ಮುಖ ಸಣ್ಣದು ಮಾಡಿ ಕೇಳಿದಳು. "ಈ ಸಲ ನನ್ನ ತುತ್ತು ಬರಲಿಲ್ಲ. ಪ್ರಭುಗೆ ನನ್ನ ಮ್ಯಾಲ ಸಿಟ್ಟು ಬಂತೇನ್ರಿ?"

ನಾನು ಕುರಿಬಾಯಿಯ ಕಡೆ ತಿರುಗಿದೆ. ಅವಳು ಅತ್ತೆಗೆ ಕಾಣದ ಹಾಗೆ ಬಾಗಿಲ ಕಡೆ ಕಣ್ಣು ಮಾಡಿದಳು. ಹೊರಗೆ ಬಂದ ಮೇಲೆ ದನಿ ತಗ್ಗಿಸಿ ಹೇಳಿದಳು: "ಹೊಸ ವರ್ಷಕ್ಕ ಮಂದಿ ಭಾಳ ಬಂದಿದ್ರು, ರೊಟ್ಟಿ ತೀರಿಹೋಯ್ತು ಅಂತ ಹೇಳೀನ್ರಿ. ನೀವೂ ಹಾಂಗೇ ಅನ್ರಿ. ಸುಳ್ಳು ಹೇಳಿದ್ದು ತಪ್ಪಾಯ್ತು. ಕೊಡಲಿಲ್ಲ ಅಂದ್ರ ಮುದುಕಿ ಅತ್ತು ಅತ್ತು ಸಾಯ್ತಾಳ್ರಿ."

ನನ್ನ ಪಾಟೀ ಸವಾಲೆಲ್ಲ ಎಲ್ಲಿ ಹೋಯಿತೋ. "ಆ ಚೂರು ಇಲ್ಲಿ ತರ್ತಿದ್ದಿಯಾ?" ಎಂದೆ, ಅಷ್ಟೇ ಹೊರಟಿತು.

"ಮತ್ತೆಲ್ಲಿಗಿ ಒಯ್ಯಲ್ರಿ?" ಅವಳಿಗೇ ಆಶ್ಚರ್ಯ. "ಮೈಲಾರದ ಜಾತ್ರಿಗಿ ಹೋದವರು ಪ್ರಸಾದ ಅಲ್ಲೇ ಮುಗಿಸಿ ಬಾಯಿ ಒರಸಿಕೊಂಡು ಬರ್ತಾರೇನ್ರಿ? ಮನ್ಯಾಗಿನವರಿಗಿ ತರೂದಲ್ರಿ? ನನ್ನ ಕಾಲು ಗಟ್ಟಿ ಅವ, ನಾ ಹೋಗ್ತೇನಿ. ಆಕಿದು ಇಲ್ಲ. ಆಕಿ ಪಾಲು ನಾ ತರ್ತೇನಿ."

"ಬಸ್ಸಿನ್ಯಾಗ ಅವತ್ತು ಮಾತಾಡಲಿಲ್ಲ ನೀ?"

"ದೇವರ ಪ್ರಸಾದ ಮೈಮ್ಯಾಲ ಇದ್ದಾಗ ಹಾದ್ಯಾಗ ಮಾತಾಡಬಾರದ್ರಿ. ಕೂಡಬಾರದು. ನಿಮ್ಮಲ್ಲಿ ಹಾಂಗ ಇಲ್ಲೇನ್ರಿ?"

"ಭಾಲ್ಕಿಗೆ ಯಾಕ ಬಂದಿದ್ದಿ?"

ನಕ್ಕಳು. "ತಿಂಗಳಿಗಿ ಒಮ್ಮಿ ಸಾಲೂದಿಲ್ಲ ಅಂದ್ಳು ಮುದುಕಿ. ಭಾಲ್ಕ್ಯಾಗೂ ಕೊಡ್ತಾರಂತ ಕೇಳಿ ಹಿಂದಿನ ದಿನಾನೇ ಹೊಂಟು ಹೋಗಿದ್ದೆ."

"ಮತ್ತ ನೀ ಏನ್ ತಿಂದಿ? ನಿನ್ನ ಪಾಲು?"

"ಚೂರು ಸಣ್ಣದ್ರಿ. ಇಬ್ಬರಿಗಿ ಹರದ್ರ ಇಬ್ಬರ ಹಲ್ಲಿಗೂ ಹತ್ತೂದಿಲ್ಲ. ನನಗ ಆ ಸಿಹಿ ನೀರು ಸಾಕ್ರಿ."

ಅತ್ತೆ ಬಿದ್ದಾಗಿನಿಂದ ಅವಳು ಪ್ರಭುವಿನ ರೊಟ್ಟಿಯನ್ನು ಒಮ್ಮೆಯೂ ಬಾಯಿಗೆ ಹಾಕಿರಲಿಲ್ಲ. ನಾನು ಹಾಸಿಗೆ ಹಿಡಿದವರ ಮನೆಗೆ ಹೋಗಬೇಕಾದವಳು. ನಾನು ಒಮ್ಮೆ ಬಂದಿದ್ದರೆ, ಬಂದು ಪಾದ್ರಿ ಸಾಹೇಬರಿಗೆ ಹೇಳಿದ್ದರೆ, ಅವರೇ ರೊಟ್ಟಿ ರಸ ತಂದು ಮುದುಕಿಗೆ ಇಲ್ಲಿಯೇ ಕೊಡುತ್ತಿದ್ದರು. ನಮ್ಮಲ್ಲಿ ಅದಕ್ಕೆ ದಾರಿ ಇದೆ. ಆ ದಾರಿ ಇವರಿಗೆ ಗೊತ್ತಿರಲಿಲ್ಲ, ಯಾಕೆಂದರೆ ಹೇಳಬೇಕಾದವಳು ನಾನು.

"ಇದನ್ನ ನಮ್ಮ ಮುಂದ ಯಾಕ ಹೇಳಲಿಲ್ಲವ್ವಾ?"

"ನೀವು ಕೇಳಲಿಲ್ಲಲ್ರಿ."

ಅಂಗಳದ ಕಟ್ಟೆಯ ಮೇಲೆ ಕೂತೆ. ಅವಳು ಒಳಗೆ ಹೋಗಿ ತಂಬಿಗೆ ತುಂಬ ನೀರು ತಂದಳು. ನನ್ನ ಕೈಗಳು ತಾವೇ ಬೊಗಸೆಯಾದವು, ಅಭ್ಯಾಸಬಲ. "ಅದೇನ್ರಿ, ತಂಬಿಗಿ ಹಿಡೀರಿ," ಎಂದು ತಂಬಿಗೆಯನ್ನೇ ಕೈಗೆ ಕೊಟ್ಟಳು. ಆಮೇಲೆ ಜೋಳದ ರೊಟ್ಟಿ, ಖಾರ ತಂದು ನನ್ನ ಮುಂದಿಟ್ಟು, ಅದೇ ತಾಟಿನಿಂದ ತಾನೂ ಒಂದು ತುಂಡು ಮುರಿದುಕೊಂಡು ತಿನ್ನತೊಡಗಿದಳು. ನನ್ನ ಗಂಟಲಲ್ಲಿ ರೊಟ್ಟಿ ಇಳಿಯಲಿಲ್ಲ. ಖಾರ ಹತ್ತಿತು ಎಂದು ಹೇಳಿ ಕಣ್ಣು ಒರೆಸಿಕೊಂಡೆ.

ಹೊರಡುವ ಮೊದಲು ಮುದುಕಿಯ ಪಕ್ಕ ಕೂತು ಓದಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ ನನ್ನ ಸೆರಗು ಜಗ್ಗಿ, "ಆ ರೊಟ್ಟಿ ಮಾಡಾಕಿ ಯಾರರಿ?" ಎಂದಳು.

"ಯಾಕರಿ?"

"ಭಾಳ ಬಿರುಸು. ಚಪ್ಪಲಿ ತೊಗಲು ಆಗಿರ್ತದ. ನೀರಾಗ ನೆನಸಿದ್ರೂ ಮೆತ್ತಗಾಗೂದಿಲ್ಲ. ಸ್ವಲ್ಪ ಮೆತ್ತಗ ಮಾಡಂತ ಹೇಳ್ರಿ ಆಕಿಗೆ. ಹಲ್ಲಿಲ್ಲದವರೂ ಇರ್ತಾರಂತ ಹೇಳ್ರಿ."

"ಹೇಳ್ತೇನಿ," ಎಂದೆ.

ಬೀದರಿಗೆ ಬಂದು ಪಾದ್ರಿ ಸಾಹೇಬರಿಗೆ ಎಲ್ಲ ಹೇಳಿದೆ. ಬೊಗಸೆಯ ನೀರಿನ ಮಾತನ್ನೂ ಹೇಳಿದೆ, ಹುದಲಿನ ಸುಳ್ಳನ್ನೂ. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅರ್ಧ ನನ್ನ ಮೇಲೆ, ಅರ್ಧ ತಮ್ಮ ಮೇಲೆ. "ಆಕಿ ಕೈ ಹಾಂಗೇ ಚಾಚಿಕೊಂಡು ಕೂತಿದ್ಳು. ನಾ ದಾಟಿ ಹೋದೆ," ಎಂದು ಎರಡು ಸಲ ಅಂದರು. ಆಮೇಲೆ ನಾಡಿದ್ದಿನ ಬಸ್ಸು ಎಷ್ಟಕ್ಕಿದೆ ಎಂದು ಕೇಳಿದರು.

ಹೊರಡುವ ದಿನ ಬೆಳಗ್ಗೆ ನಾನು ನನ್ನ ನಿಯಮ ಮುರಿದೆ. ಗೋಧಿ ಹಿಟ್ಟಿಗೆ ಬಿಸಿ ಹಾಲು ಹಾಕಿ ನಾದಿದೆ, ಬಟ್ಟೆ ಮುಚ್ಚಿಟ್ಟೆ, ದಪ್ಪ ಲಟ್ಟಿಸಿದೆ. ತಾಯಿ ಮುಟ್ಟಿ ನೋಡಿ, "ಈಗ ಬರೋಬ್ಬರಿ ಆಯ್ತು ನೋಡು," ಎಂದಳು. ಇಷ್ಟು ವರ್ಷ ಅವಳೂ ಹೇಳಿರಲಿಲ್ಲ. ಹೇಳುವ ಧೈರ್ಯ ಯಾರಿಗಿತ್ತು?

ಮುದುಕಿಯ ಹೊರಸಿನ ಮುಂದೆ ಕಂಬಳಿ ಹಾಸಿ, ಅದರ ಮೇಲೆ ಬಿಳಿ ಬಟ್ಟೆ ಹಾಸಿ, ರೊಟ್ಟಿ, ರಸ ಇಟ್ಟೆವು. ಕುರಿಬಾಯಿಯ ಗಂಡ ತಲೆಯ ಪಟಗ ತೆಗೆದು ಬಾಗಿಲಲ್ಲಿ ನಿಂತಿದ್ದ. ಪಾದ್ರಿ ಸಾಹೇಬರು ಪ್ರತಿ ಸಲ ಹೇಳುವುದನ್ನೇ ಹೇಳಿದರು: ಒಬ್ಬರ ಮೇಲೊಬ್ಬರಿಗೆ ಏನಾದರೂ ಇದ್ದರೆ ಮೊದಲು ಅದನ್ನು ತೀರಿಸಿಕೊಂಡು ಕೈ ಚಾಚಿರಿ. ನೂರು ಸಲ ಕೇಳಿದ ಮಾತು. ನೂರು ಸಲವೂ ನಾನು, ಯಾರಿಗೆ ಯಾರ ಮೇಲೆ ಏನಿದೆ ಎಂದು ಬೇರೆಯವರ ಮುಖ ನೋಡಿದವಳು. ಈ ಸಲ ಎದ್ದು ನಿಂತೆ.

"ನಾನೇ ಹೇಳಿದ್ದವ್ವಾ ಸಾಹೇಬರ ಮುಂದ. ನೀ ನಮ್ಮ ಕೈ ರೊಟ್ಟಿ ತಿನ್ನೂದಿಲ್ಲ ಅಂತ ತಿಳಿದೆ. ನಾಯಿಗಿ ಹಾಕ್ತಿ ಅಂತ ತಿಳಿದೆ. ನನ್ನಿಂದನೇ ನಿನಗ ಕೊಡಲಿಲ್ಲ."

ಕುರಿಬಾಯಿ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಒಂದು ಬಾಗಿಲು ಮುಚ್ಚಿ ಮತ್ತೆ ತೆರೆಯಿತು. "ನೀವು ಪ್ರತಿ ಸಲ ನನ್ನ ಕೈ ನೋಡ್ತಿದ್ರಿ. ನನಗ ಗೊತ್ತಿತ್ತು," ಎಂದಳು. "ಹೊಸಬಳು ಅದಾಳ, ಏನರ ತಪ್ಪು ಮಾಡಿದ್ರ ಹೇಳಿಕೊಡಬೇಕಂತ ನೋಡ್ತಾರ ಅಂದ್ಕೊಂಡಿದ್ದೆ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲು ಆಗಲಿಲ್ಲ, ಎಲ್ಲರ ಮುಂದೆ ಬಿಕ್ಕಿ ಅತ್ತುಬಿಟ್ಟೆ.

ಪಾದ್ರಿ ಸಾಹೇಬರು ಮೊದಲು ಮುದುಕಿಗೆ ಕೊಟ್ಟರು. ಅವಳು ಎಡಗೈಯಿಂದ ಬಾಯಿಗಿಟ್ಟುಕೊಂಡು, ಮೆದ್ದು, ನನ್ನ ಕಡೆ ನೋಡಿ ತಲೆ ಆಡಿಸಿದಳು, ರೊಟ್ಟಿ ಪಾಸಾಗಿತ್ತು. ಆಮೇಲೆ ಕುರಿಬಾಯಿಗೆ ಕೊಟ್ಟರು. ಅವಳ ಕೈ ರೂಢಿಯಂತೆ ಸೆರಗಿನ ಕಡೆ ಹೋಯಿತು. "ತಿನ್ನು ನೀನೂ, ನಂದಾಯ್ತು," ಎಂದಳು ಅತ್ತೆ. ಕುರಿಬಾಯಿ ಚೂರನ್ನು ಬಾಯಿಗೆ ಹಾಕಿ ಕಣ್ಣು ಮುಚ್ಚಿಕೊಂಡಳು. ಬಹಳ ಹೊತ್ತು ಅಗಿದಳು.

ಕೊನೆಗೆ ನನ್ನ ಅಂಗೈಗೆ ಚೂರು ಬಿತ್ತು. ನಾನೇ ಬೀಸಿ, ನಾದಿ, ಬೇಯಿಸಿದ್ದು. ಕೈ ಏಳಲಿಲ್ಲ. ಇದನ್ನು ತಿನ್ನಲು ನಾನು ಯಾರು ಎನಿಸಿತು. ಬೆರಳು ಮಡಚಿಕೊಂಡು ಕೂತೆ. ಪಾದ್ರಿ ಸಾಹೇಬರು ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದ್ದರು, ಮುದುಕಿ ಕಣ್ಣು ಮುಚ್ಚಿದ್ದಳು. ಕುರಿಬಾಯಿ ಮಾತ್ರ ಮುಚ್ಚಿರಲಿಲ್ಲ. ನನ್ನ ಮುಷ್ಟಿಯನ್ನೇ ನೋಡುತ್ತಿದ್ದಳು. ಮೆಲ್ಲಗೆ ನನ್ನ ಕಡೆ ಬಾಗಿ, ತನ್ನ ಆ ದಪ್ಪ ದನಿಯನ್ನು ಆದಷ್ಟು ತಗ್ಗಿಸಿ ಹೇಳಿದಳು:

"ತಿನ್ರಿ ಬಾಯಿ. ಇಲ್ಲಂದ್ರ ಸಾಹೇಬರ ಮುಂದ ಹೇಳ್ತೇನಿ ನೋಡ್ರಿ."

ನಾನು ತಿಂದೆ.